ಪಿಎಚ್‌ಪಿ ಬಿಟ್ಟು ಗೋ ಹಿಡಿದರೆ ಕೆಲಸ ಬೇಗ ಆಗುತ್ತದೆಯೇ?

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಆರು ಜನ ಸೇರಿ ಹಾಲಿನ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಎಂಟು ವರ್ಷದಿಂದ ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ನಡೆದುಕೊಂಡು ಬಂದಿದೆ. ಈಗ ಹೊಸ ಆವೃತ್ತಿ ಮಾಡಬೇಕು. ಒಬ್ಬ ಗೋ ಭಾಷೆ ಅನ್ನುತ್ತಾನೆ, ಇನ್ನೊಬ್ಬಳು ಟೈಪ್‌ಸ್ಕ್ರಿಪ್ಟ್ ಭಾಷೆ, ಅದನ್ನು ಸರ್ವರ್‌ನಲ್ಲಿ ಓಡಿಸಲು ನೋಡ್ ಅನ್ನುತ್ತಾಳೆ. ನಮ್ಮ ಹಿರಿಯರು ಜಾವಾ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಯಾವ ಭಾಷೆಯಲ್ಲಿ ಡೆವಲಪರ್ ಕೆಲಸ ಬೇಗ ಸಾಗುತ್ತದೆ ಅನ್ನುವುದಕ್ಕೆ ನಂಬುವಂಥ ಲೆಕ್ಕ ಇದೆಯೇ? ಎಐ ಬಂದ ಮೇಲೆ ಈ ಪ್ರಶ್ನೆಗೆ ಅರ್ಥ ಉಳಿದಿದೆಯೇ?

ಉತ್ತರ: ಲೆಕ್ಕ ಇದೆ, ಆದರೆ ಕಡಿಮೆ. ಇಂಟರ್ನೆಟ್ಟಿನಲ್ಲಿ ಸಿಗುವ ಬಹುತೇಕ ಚಾರ್ಟುಗಳು ಸರ್ವರ್ ಸೆಕೆಂಡಿಗೆ ಎಷ್ಟು ಸಾವಿರ ರಿಕ್ವೆಸ್ಟ್‌ಗೆ ಉತ್ತರ ಕೊಡುತ್ತದೆ ಎಂದು ತೋರಿಸುತ್ತವೆ. ಅದು ಯಂತ್ರದ ಚುರುಕು. ಒಂದು ಸಂಘದಲ್ಲಿ ಬೆಳಗ್ಗೆ ಇನ್ನೂರು ಜನ ಹಾಲು ಹಾಕಿದರೂ ನಿಮ್ಮ ಸರ್ವರ್ ಆಕಳಿಸುತ್ತಲೇ ಇರುತ್ತದೆ. ನಿಮಗೆ ಬೇಕಾಗಿರುವುದು ಮನುಷ್ಯರ ಹೊತ್ತಿನ ಲೆಕ್ಕ. ಅದನ್ನು ಅಳೆಯಲು ಹೊರಟವರು ಕೆಲವೇ ಜನ. ಅಂಥ ಮೂರು ಪ್ರಯತ್ನಗಳ ಕಥೆ ಹೇಳುತ್ತೇನೆ. ಎರಡನೆಯದು ನಿಮ್ಮ ಪಿಎಚ್‌ಪಿಯದ್ದೇ.

ಮೊದಲನೆಯದು 2000ನೇ ಇಸವಿಯದು. ಲುಟ್ಸ್ ಪ್ರೆಷೆಲ್ಟ್ ಎಂಬ ಜರ್ಮನ್ ಸಂಶೋಧಕರು ಒಂದೇ ಪುಟ್ಟ ಸಮಸ್ಯೆಗೆ ಬೇರೆ ಬೇರೆಯವರು ಬರೆದ 80 ಪ್ರೋಗ್ರಾಂಗಳನ್ನು ಹರಡಿಕೊಂಡು ಕೂತರು. ಸಮಸ್ಯೆ ಇಷ್ಟೇ: ಫೋನ್ ನಂಬರ್ ಕೊಟ್ಟರೆ ಅದರ ಅಂಕಿಗಳಿಗೆ ಹೊಂದುವ ಪದಗಳನ್ನು ನಿಘಂಟಿನಿಂದ ಹೆಕ್ಕಿ ಕೊಡಬೇಕು. ಭಾಷೆಗಳು ಏಳು: ಸಿ, ಸಿ ಪ್ಲಸ್ ಪ್ಲಸ್, ಜಾವಾ, ಪರ್ಲ್, ಪೈಥಾನ್, ರೆಕ್ಸ್, ಟಿಕಲ್. ಪರ್ಲ್, ಪೈಥಾನ್ ಥರದ ಸ್ಕ್ರಿಪ್ಟ್ ಭಾಷೆಯವರಿಗೆ, ಸಿ ಮತ್ತು ಜಾವಾದವರಿಗೆ ಹಿಡಿದ ಹೊತ್ತಿನ ಸುಮಾರು ಅರ್ಧ ಸಾಕಾಗಿತ್ತು. ಕೋಡಿನ ಉದ್ದವೂ ಸುಮಾರು ಅರ್ಧ. ಪೈಥಾನ್ ಅಭಿಮಾನಿಗಳು ಇವತ್ತಿಗೂ ಈ ಭಾಗವನ್ನು ಎತ್ತಿ ತೋರಿಸುತ್ತಾರೆ. ಮುಂದಿನದನ್ನು ಓದುವುದಿಲ್ಲ. ಒಂದೇ ಭಾಷೆಯಲ್ಲಿ ಬರೆದ ಇಬ್ಬರ ನಡುವಿನ ಅಂತರ, ಭಾಷೆ ಭಾಷೆಗಳ ನಡುವಿನ ಅಂತರಕ್ಕಿಂತ ಸಾಮಾನ್ಯವಾಗಿ ದೊಡ್ಡದಿತ್ತು. ಇನ್ನೊಂದು ತೊಡಕನ್ನು ಪ್ರೆಷೆಲ್ಟ್ ಅವರೇ ಹೇಳಿದ್ದಾರೆ. ಸ್ಕ್ರಿಪ್ಟ್ ಭಾಷೆಯವರು ಎಷ್ಟು ಹೊತ್ತು ಹಿಡಿಯಿತು ಎಂದು ತಾವೇ ಹೇಳಿಕೊಂಡಿದ್ದರು. ಪಕ್ಕದಲ್ಲಿ ಯಾರೂ ಗಡಿಯಾರ ಹಿಡಿದು ಕೂತಿರಲಿಲ್ಲ.

ಅದೇ ಪ್ರೆಷೆಲ್ಟ್ 2007ರಲ್ಲಿ ಗಡಿಯಾರ ಹಿಡಿದೇ ಕೂತರು. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಒಂದು ಸ್ಪರ್ಧೆ ಇಟ್ಟರು. ಒಂಬತ್ತು ತಂಡ, ತಂಡಕ್ಕೆ ಮೂರು ಜನ, 30 ಗಂಟೆ. ಎಲ್ಲರಿಗೂ ಒಂದೇ ವೆಬ್ ಅಪ್ಲಿಕೇಶನ್ ಕಟ್ಟುವ ಕೆಲಸ. ಮೂರು ತಂಡ ಜಾವಾ, ಮೂರು ಪರ್ಲ್, ಮೂರು ಪಿಎಚ್‌ಪಿ. ಇವರೆಲ್ಲ ಕಾಲೇಜು ಹುಡುಗರಲ್ಲ, ಅದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವರು. ಪರ್ಲ್ ಕೋಡು ಚಿಕ್ಕದು, ಜಾವಾ ಕೋಡು ಉದ್ದ ಅನ್ನುವುದು ನಿರೀಕ್ಷೆಯಂತೆ ಬಂತು. ಪಿಎಚ್‌ಪಿ ಅಂದರೆ ಭದ್ರತೆ ಇಲ್ಲ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಇಲ್ಲಿ ನೋಡಿದರೆ ಕೆಲವು ವಿಷಯಗಳಲ್ಲಿ ಪಿಎಚ್‌ಪಿ ತಂಡಗಳು ಉಳಿದವರಿಗೆ ಸರಿಸಮ ಇದ್ದವು. ನನಗೆ ಹಿಡಿಸಿದ ಫಲಿತಾಂಶ ಬೇರೆ. ಹಲವು ಅಳತೆಗಳಲ್ಲಿ ಮೂರು ಪಿಎಚ್‌ಪಿ ತಂಡಗಳು ಒಂದಕ್ಕೊಂದು ಹತ್ತಿರ ಇದ್ದವು. ಜಾವಾ ಮತ್ತು ಪರ್ಲ್ ತಂಡಗಳ ನಡುವೆ ಏರುಪೇರು ಜಾಸ್ತಿ. ಒಂಬತ್ತೇ ತಂಡಗಳ ಲೆಕ್ಕವನ್ನು ತಲೆ ಮೇಲೆ ಹೊತ್ತುಕೊಳ್ಳಬೇಡಿ. ಆದರೂ ಸಣ್ಣ ಕಂಪನಿಗೆ ಇದು ಯೋಚಿಸುವಂಥ ಮಾತು. ಜಾಣ ಬರೆದರೂ ಸಾಮಾನ್ಯ ಬರೆದರೂ ಕೆಲಸ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತದೆ ಅಂದರೆ, ಮುಂದಿನ ತಿಂಗಳ ಗಡುವನ್ನು ಧೈರ್ಯವಾಗಿ ಹೇಳಬಹುದು ಅಲ್ವಾ?

ಮೂರನೆಯದು ಸ್ವಲ್ಪ ತಮಾಷೆಯ ಕಥೆ. 2014ರಲ್ಲಿ ಅಮೆರಿಕದ ಒಂದು ಸಂಶೋಧಕರ ಗುಂಪು ಕೋಡು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಿಂದ 729 ಪ್ರಾಜೆಕ್ಟ್‌ಗಳನ್ನು ಇಳಿಸಿಕೊಂಡಿತು. 17 ಭಾಷೆಗಳು, ಸುಮಾರು 8 ಕೋಟಿ ಸಾಲು ಕೋಡು. ಕೋಡಿಗೆ ಮಾಡಿದ ಪ್ರತಿ ಬದಲಾವಣೆಯ (ಕಮಿಟ್) ಸಂದೇಶದಲ್ಲಿ 'ಬಗ್' (ಕೋಡಿನ ತಪ್ಪು), 'ಫಿಕ್ಸ್' ಥರದ ಪದ ಬಂದರೆ ಅದನ್ನು ಬಗ್ ಸರಿಪಡಿಸಿದ ಕಮಿಟ್ ಎಂದು ಎಣಿಸಿದರು. ಯಾವ ಭಾಷೆಯಲ್ಲಿ ಅಂಥವು ಜಾಸ್ತಿ ಎಂದು ನೋಡಿದರು. ಟೈಪ್‌ಗಳನ್ನು, ಅಂದರೆ ಯಾವುದು ಸಂಖ್ಯೆ ಯಾವುದು ಪದ ಅನ್ನುವುದನ್ನು, ಮೊದಲೇ ಗಟ್ಟಿಯಾಗಿ ಪರೀಕ್ಷಿಸುವ ಭಾಷೆಗಳಲ್ಲಿ ಬಗ್ ಸ್ವಲ್ಪ ಕಡಿಮೆ ಎಂದು ಬಂತು. ಪರಿಣಾಮ ಚಿಕ್ಕದು ಎಂದು ಅವರು ಬರೆದೂ ಇದ್ದರು. ಸುದ್ದಿ ಹರಡಿದಾಗ ಆ 'ಚಿಕ್ಕದು' ದಾರಿಯಲ್ಲೇ ಉದುರಿಹೋಯಿತು.

2019ರಲ್ಲಿ ಇನ್ನೊಂದು ಗುಂಪು ಅದೇ ಲೆಕ್ಕವನ್ನು ಮತ್ತೆ ಮಾಡಿತು. ಟೈಪ್‌ಸ್ಕ್ರಿಪ್ಟ್ ಎಂದು ಗುರುತಿಸಿದ ಪ್ರಾಜೆಕ್ಟ್‌ಗಳಲ್ಲಿ ಬಿಟ್‌ಕಾಯಿನ್ ಹೆಸರು ಸಿಕ್ಕಿತು. ಬಿಟ್‌ಕಾಯಿನ್ ಇರುವುದು ಸಿ ಪ್ಲಸ್ ಪ್ಲಸ್‌ನಲ್ಲಿ! ಅಷ್ಟೇ ಅಲ್ಲ, ಟೈಪ್‌ಸ್ಕ್ರಿಪ್ಟ್ ಬಂದದ್ದೇ 2012ರಲ್ಲಿ, ಪಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ವರ್ಷ ಹಿಂದಿನ ಕಮಿಟ್‌ಗಳೂ ಇದ್ದವು. ಹುಡುಕಿದಾಗ ಗೊತ್ತಾಯಿತು. ಆ ಫೈಲುಗಳ ಹೆಸರು 'ಡಾಟ್ ಟಿಎಸ್' ಎಂದು ಕೊನೆಯಾಗುತ್ತಿತ್ತು. ಆದರೆ ಅವು ಕೋಡೇ ಅಲ್ಲ. ಪರದೆಯ ಮೇಲಿನ ಮಾತುಗಳನ್ನು ಬೇರೆ ಬೇರೆ ಭಾಷೆಗೆ ಅನುವಾದಿಸಿ ಇಡುವ ಫೈಲುಗಳಿಗೂ ಅದೇ ಬಾಲ. ಮನುಷ್ಯರ ಭಾಷೆಯ ಅನುವಾದವನ್ನು ಕಂಪ್ಯೂಟರ್ ಭಾಷೆ ಎಂದು ಎಣಿಸಿಬಿಟ್ಟಿದ್ದರು. ಇಂಥದ್ದನ್ನೆಲ್ಲ ತಿದ್ದಿ ಮತ್ತೆ ಕೂಡಿದಾಗ, ಮೊದಲು ಸಂಬಂಧ ಕಂಡಿದ್ದ 11 ಭಾಷೆಗಳಲ್ಲಿ 4 ಮಾತ್ರ ನಿಂತವು. ಅವುಗಳ ಪರಿಣಾಮವೂ ತೀರಾ ಚಿಕ್ಕದು. ಇನ್ನು ಮೇಲೆ ಯಾರಾದರೂ ಭಾಷೆಗಳ ಚಾರ್ಟ್ ಕಳಿಸಿದರೆ, ಏನನ್ನು ಎಣಿಸಿದ್ದಾರೆ ಎಂದು ಮೊದಲು ಕೇಳಿ.

ಹಾಗಾದರೆ ಭಾಷೆ ಯಾವುದಾದರೂ ಒಂದೇ ಅನ್ನುತ್ತೀರಾ ಅಂದರೆ, ಇಲ್ಲ. ಇಪ್ಪತ್ತು ವರ್ಷ ಇದೇ ಕೆಲಸದಲ್ಲಿದ್ದು ನನಗೆ ಅನಿಸಿದ್ದು ಇಷ್ಟು: ಡೆವಲಪರ್ ದಿನದಲ್ಲಿ ಟೈಪ್ ಮಾಡುವ ಹೊತ್ತು ಬಹಳ ಕಡಿಮೆ, ಕಾಯುವ ಹೊತ್ತು ಜಾಸ್ತಿ. ಬಿಲ್ಡ್ (ಬರೆದ ಕೋಡು ಓಡುವ ರೂಪಕ್ಕೆ ಬರುವುದು) ಮುಗಿಯಲಿ ಎಂದು ಕಾಯುತ್ತಾನೆ. ಟೆಸ್ಟ್ ಮುಗಿಯಲಿ ಎಂದು ಕಾಯುತ್ತಾನೆ. ಈ ಫಂಕ್ಷನ್ ಯಾಕೆ ಹೀಗೆ ಬರೆದಿದೆ ಎಂದು ಕೇಳಲು, ರಜೆ ಮೇಲೆ ಹೋದವಳು ಬರಲಿ ಎಂದು ಕಾಯುತ್ತಾನೆ. ತಾನು ಬರೆದದ್ದು ಸರಿಯೋ ತಪ್ಪೋ ಎಂದು ಗೊತ್ತಾಗಲು, ಧಾರವಾಡದ ಆಚೆಯ ಯಾವುದೋ ಸಂಘದ ಕಾರ್ಯದರ್ಶಿ ಫೋನ್ ಮಾಡಿ ಬೈಯುವವರೆಗೂ ಕಾಯುತ್ತಾನೆ. ಭಾಷೆ ಮತ್ತು ಸ್ಟ್ಯಾಕ್ (ಜೊತೆಗೆ ಬಳಸುವ ಸಾಧನಗಳು) ಈ ಕಾಯುವಿಕೆಯಲ್ಲಿ ಯಾವುದನ್ನು ಕಮ್ಮಿ ಮಾಡುತ್ತದೆ ಅನ್ನುವುದೇ ಕೇಳಬೇಕಾದ ಪ್ರಶ್ನೆ.

ಗೋ ಭಾಷೆ ಹುಟ್ಟಿದ್ದೇ ಕಾದು ಕಾದು ಬೇಸತ್ತವರಿಂದ. 2007ರಲ್ಲಿ ಗೂಗಲ್‌ನಲ್ಲಿ ಒಂದು ದೊಡ್ಡ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಕಂಪೈಲ್ ಆಗಲು (ಯಂತ್ರಕ್ಕೆ ತಿಳಿಯುವ ರೂಪಕ್ಕೆ ಬರಲು) ಮುಕ್ಕಾಲು ಗಂಟೆ ಹಿಡಿಯುತ್ತಿತ್ತಂತೆ. ಆ ಹೊತ್ತಿನಲ್ಲಿ ರಾಬ್ ಪೈಕ್, ರಾಬರ್ಟ್ ಗ್ರೀಸೆಮರ್, ಕೆನ್ ಥಾಂಪ್ಸನ್ ಮಾತಾಡುತ್ತಾ ಹೊಸ ಭಾಷೆಯ ನಕ್ಷೆ ಹಾಕಿದರು. 2009ರ ನವೆಂಬರ್‌ನಲ್ಲಿ ಅದು ಹೊರಗೆ ಬಂತು. ಇತ್ತೀಚಿನ ಕಥೆಯೂ ಹಾಗೆಯೇ. ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಇಷ್ಟು ವರ್ಷ ಟೈಪ್‌ಸ್ಕ್ರಿಪ್ಟ್‌ನಲ್ಲೇ ಇತ್ತು. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಗೋ ಭಾಷೆಗೆ ತರುತ್ತಿದ್ದೇವೆ ಎಂದು ಹೇಳಿತು. ಕೋಡು ಬರೆಯುವ ಅವರದೇ ಸಾಧನ ವಿಎಸ್ ಕೋಡ್‌ನ ಸುಮಾರು 15 ಲಕ್ಷ ಸಾಲು ಪರೀಕ್ಷಿಸಲು ಮೊದಲು 77.8 ಸೆಕೆಂಡ್ ಬೇಕಿತ್ತು, ಹೊಸದಕ್ಕೆ 7.5 ಸೆಕೆಂಡ್ ಸಾಕು. ಮುಂದಾಳು ಆಂಡರ್ಸ್ ಹೈಲ್ಸ್‌ಬರ್ಗ್. ಮೈಕ್ರೋಸಾಫ್ಟ್‌ನ ಸಿ ಶಾರ್ಪ್ ಭಾಷೆ ಕಟ್ಟಿದ್ದು ಅವರೇ. ತಮ್ಮದೇ ಭಾಷೆಯನ್ನು ಬಿಟ್ಟು ಎದುರಾಳಿ ಕಂಪನಿಯಲ್ಲಿ ಹುಟ್ಟಿದ ಭಾಷೆಯನ್ನು ಆರಿಸಿಕೊಂಡರು ಎಂದು ಆಗ ಸಿ ಶಾರ್ಪ್ ಬಳಗದಲ್ಲಿ ದೊಡ್ಡ ಗಲಾಟೆಯೇ ಆಯಿತು. ಅವರು ಕೊಟ್ಟ ಕಾರಣ ಸರಳವಾಗಿತ್ತು. ಹಳೆ ಕೋಡಿನ ರೂಪ ಗೋಗೆ ಹತ್ತಿರ ಇದೆ, ಹೊಸದಾಗಿ ಯೋಚಿಸದೆ ಇದ್ದದ್ದನ್ನು ಇದ್ದ ಹಾಗೆ ದಾಟಿಸಬಹುದು. ಭಾಷೆಯ ಅಭಿಮಾನಕ್ಕೆ ಅಲ್ಲಿ ಜಾಗ ಇರಲಿಲ್ಲ.

ನನ್ನದೇ ಒಂದು ಪೆಟ್ಟು ಹೇಳಿಬಿಡುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಬಿಲ್ಲಿಂಗ್ ವ್ಯವಸ್ಥೆಯನ್ನು ಸ್ಕಾಲಾ ಭಾಷೆಯಲ್ಲಿ ಹೊಸದಾಗಿ ಬರೆಯಲು ಹೊರಟೆವು. ಹಟ ಹಿಡಿದವರಲ್ಲಿ ನಾನೂ ಒಬ್ಬ. ನಾಲ್ಕು ತಿಂಗಳು ಅಂದಿದ್ದೆವು, ಹದಿನಾಲ್ಕು ಹಿಡಿಯಿತು. ಭಾಷೆ ಸೊಗಸಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸಾಲು ಬದಲಿಸಿದರೆ ಬಿಲ್ಡ್‌ಗೆ ಆರು ನಿಮಿಷ. ಬಿಲ್ಡ್ ಹಾಕಿ ಟೀಗೆ ಹೋಗುತ್ತಿದ್ದೆವು. ಟೀ ಅಂಗಡಿಯವನ ಉತ್ಪಾದಕತೆ ಮಾತ್ರ ಆ ವರ್ಷ ಚೆನ್ನಾಗಿ ಏರಿತು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆ ಇತ್ತು. ಹಳೆ ಕೋಡಿನಲ್ಲಿ ವರ್ಷಗಳಿಂದ ಸೇರಿಕೊಂಡಿದ್ದ ಸಣ್ಣ ಸಣ್ಣ ನಿಯಮಗಳು ಯಾರಿಗೂ ನೆನಪಿರಲಿಲ್ಲ. ಈ ಗಿರಾಕಿಗೆ ಬಿಲ್ಲಿನ ಪೈಸೆ ಮೇಲಕ್ಕೆ, ಆ ಗಿರಾಕಿಗೆ ಕೆಳಕ್ಕೆ. ಒಂದೊಂದನ್ನೂ ದೂರು ಬಂದ ಮೇಲೆ ಕಲಿತೆವು.

ನಿಮ್ಮ ಕಥೆಯೂ ಇದಕ್ಕೆ ದೂರ ಇಲ್ಲ. ಹಾಲಿನ ಲೆಕ್ಕ ಮೇಲಿಂದ ನೋಡಿದರೆ ಗುಣಾಕಾರ. ಒಳಗೆ ಹೋದರೆ ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನ ಪದಾರ್ಥ), ದರಪಟ್ಟಿ, ಆಕಳು-ಎಮ್ಮೆ ಬೇರೆ ಬೇರೆ, ಸಂಜೆಗೆ ಒಂದು ಬೆಳಗ್ಗೆಗೆ ಒಂದು, ಹಿಂದಿನ ತಾರೀಖಿನಿಂದ ಬದಲಾದ ದರ, ಪಶು ಆಹಾರದ ಸಾಲ ಬಟವಾಡೆಯಲ್ಲಿ ಮುರಿದುಕೊಳ್ಳುವುದು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1986ರಲ್ಲೇ ಹೇಳಿದ್ದರು: ಸಾಫ್ಟ್‌ವೇರಿನ ಕಷ್ಟ ಎರಡು ಥರ. ಒಂದು, ಸಮಸ್ಯೆಯ ಒಳಗೇ ಇರುವುದು. ಇನ್ನೊಂದು, ನಮ್ಮ ಸಾಧನಗಳಿಂದ ಮೈಮೇಲೆ ಬರುವುದು. ಭಾಷೆ ಬದಲಿಸಿದರೆ ಎರಡನೆಯದು ಮಾತ್ರ ಕಮ್ಮಿ ಆಗುತ್ತದೆ. ನಿಮ್ಮ ದರಪಟ್ಟಿ ಗೋದಲ್ಲೂ ಅಷ್ಟೇ ಸಿಕ್ಕು, ಜಾವಾದಲ್ಲೂ ಅಷ್ಟೇ ಸಿಕ್ಕು. ಆ ಸಿಕ್ಕನ್ನು ಎಂಟು ವರ್ಷ ಬಿಡಿಸಿದ ಕೋಡು ನಿಮ್ಮ ಹತ್ತಿರ ಈಗ ಇದೆ. ಅದು ನೋಡಲು ಚೆಂದ ಇಲ್ಲದೆ ಇರಬಹುದು. ಆದರೂ ನಿಮ್ಮ ಕಂಪನಿಯ ಆಸ್ತಿ ಅಂದರೆ ಅದೇ.

ಈಗ ಒಂದೊಂದನ್ನೇ ನೋಡೋಣ. ಪಿಎಚ್‌ಪಿಯಲ್ಲಿ ಫೈಲ್ ಸೇವ್ ಮಾಡಿ ಬ್ರೌಸರ್ ರಿಫ್ರೆಶ್ ಮಾಡಿದರೆ ಮುಗಿಯಿತು. ಕಾಯುವುದೇ ಇಲ್ಲ. ವೆಬ್ ಕೆಲಸಕ್ಕೆ ಇಷ್ಟು ಚಿಕ್ಕ ಸುತ್ತು ಬೇರೆ ಕಡೆ ಸಿಗುವುದು ಕಷ್ಟ. ಅದರ ದೌರ್ಬಲ್ಯ ಇನ್ನೊಂದು ತುದಿಯಲ್ಲಿದೆ. ತಪ್ಪು ಇದ್ದರೆ ಅದು ಗೊತ್ತಾಗುವುದು ಆ ಸಾಲು ಓಡಿದಾಗಲೇ. ಅಂದರೆ ಮತ್ತೆ ಕಾರ್ಯದರ್ಶಿಯ ಫೋನ್. ಇದಕ್ಕೆ ಮದ್ದು ಬಂದಿದೆ. 2015ರ ಪಿಎಚ್‌ಪಿ 7 ಹಳೆಯದಕ್ಕಿಂತ ಸುಮಾರು ಎರಡು ಪಟ್ಟು ವೇಗ ತಂದಿತು. 2020ರ ಕೊನೆಗೆ ಬಂದ 8 ಟೈಪ್‌ಗಳನ್ನು ಇನ್ನಷ್ಟು ಗಟ್ಟಿ ಮಾಡಿತು. ಪಿಎಚ್‌ಪಿಸ್ಟ್ಯಾನ್ ಅಂಥ ಪರೀಕ್ಷಕವನ್ನು ಕೋಡಿನ ಮೇಲೆ ಓಡಿಸಿದರೆ, ಓಡುವ ಮೊದಲೇ ಅರ್ಧ ತಪ್ಪು ಕೈಗೆ ಸಿಗುತ್ತವೆ. (ಅರ್ಧ ಅನ್ನುವುದು ನನ್ನ ಕೈ ಅಂದಾಜು, ಯಾವ ಅಧ್ಯಯನದ್ದೂ ಅಲ್ಲ.) ಎಂಟು ವರ್ಷದ ಹಿಂದೆ ನೀವು ಕಲಿತ ಪಿಎಚ್‌ಪಿಗೂ ಈಗಿನದಕ್ಕೂ ಬಹಳ ದೂರ ಇದೆ.

ಟೈಪ್‌ಸ್ಕ್ರಿಪ್ಟ್ ಅಂದರೆ ಟೈಪ್ ಸೇರಿಸಿದ ಜಾವಾಸ್ಕ್ರಿಪ್ಟ್. ಅದರ ಲಾಭ ಏನೆಂದರೆ ಪರದೆಗೂ ಸರ್ವರ್‌ಗೂ ಒಂದೇ ಭಾಷೆ. ಆರು ಜನರ ತಂಡದಲ್ಲಿ ಇದು ಸಣ್ಣ ವಿಷಯ ಅಲ್ಲ. ಒಬ್ಬ ಊರಿಗೆ ಹೋದರೆ ಇನ್ನೊಬ್ಬ ಅವನ ಕೆಲಸ ಹಿಡಿಯಬಹುದು. ಟೈಪ್‌ಗಳಿಂದ ಎಷ್ಟು ಉಪಯೋಗ ಅನ್ನುವುದಕ್ಕೆ 2017ರ ಒಂದು ಲೆಕ್ಕ ಇದೆ. ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ಗಳಲ್ಲಿ ಹೊರಗೆ ಹೋಗಿ, ಆಮೇಲೆ ಸರಿಯಾದ 400 ಬಗ್‌ಗಳನ್ನು ಹಿಡಿದು, ಟೈಪ್ ಬರೆದಿದ್ದರೆ ಮೊದಲೇ ಸಿಗುತ್ತಿದ್ದವೇ ಎಂದು ನೋಡಿದರು. ಶೇ 15ರಷ್ಟು ಸಿಗುತ್ತಿದ್ದವು. ಇದು ಟೆಸ್ಟ್, ರಿವ್ಯೂ ಎಲ್ಲ ದಾಟಿ ಹೋದ ಬಗ್‌ಗಳ ಲೆಕ್ಕ ಅನ್ನುವುದನ್ನು ನೆನಪಿಡಿ. ಆ ದೃಷ್ಟಿಯಲ್ಲಿ 15 ಕಡಿಮೆ ಏನಲ್ಲ. ನನಗೆ ಭಯ ಇರುವುದು ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡುಗಳ) ಸಂತೆಯ ಬಗ್ಗೆ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರು ವಾಪಸ್ ತೆಗೆದುಕೊಂಡಾಗ ಜಗತ್ತಿನಾದ್ಯಂತ ಬಿಲ್ಡ್‌ಗಳು ಮುರಿದುಬಿದ್ದವು. ಅದಾದ ಮೇಲೆ ನಿಯಮ ಬಿಗಿ ಮಾಡಿದ್ದಾರೆ. ಆದರೂ ಎರಡು ವರ್ಷ ಮುಟ್ಟದೆ ಬಿಟ್ಟ ನೋಡ್ ಪ್ರಾಜೆಕ್ಟನ್ನು ಮತ್ತೆ ಎಬ್ಬಿಸುವುದು ಯಾವಾಗಲೂ ಒಂದು ದಿನದ ಕೆಲಸ.

ಜಾವಾ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಿರಿಯರ ಮಾತಿನಲ್ಲಿ ತಿರುಳಿದೆ. ಹತ್ತು ವರ್ಷದ ಹಿಂದಿನ ಜಾವಾ ಕೋಡು ಇವತ್ತಿಗೂ ಹೆಚ್ಚು ತಕರಾರಿಲ್ಲದೆ ಓಡುತ್ತದೆ. ಹುಬ್ಬಳ್ಳಿಯ ಯಾವ ಕಾಲೇಜಿನ ಹುಡುಗನನ್ನು ಕರೆದರೂ ಅಷ್ಟಿಷ್ಟು ಜಾವಾ ನೋಡಿರುತ್ತಾನೆ. ಆದರೆ ಜಾವಾದಲ್ಲಿ ವೆಬ್ ಕೆಲಸಕ್ಕೆ ಬಳಸುವ ಸ್ಪ್ರಿಂಗ್ ಬೂಟ್ ಎಂಬ ಚೌಕಟ್ಟು ಬೇರೆಯೇ ಲೋಕ. ಅದರ ಒಳಗುಟ್ಟು ಗೊತ್ತಿರುವವರು ತಂಡದಲ್ಲಿ ಒಬ್ಬರೇ ಇದ್ದರೆ, ಉಳಿದ ಐವರೂ ಅವರಿಗಾಗಿ ಕಾಯುತ್ತಾರೆ.

ಗೋ ಓದಲು ಸುಲಭ, ಬರೆಯಲು ಸ್ವಲ್ಪ ಬೇಸರ. ತಪ್ಪು ಬಂತೇ ಎಂದು ನೋಡುವ ಅದೇ ಮೂರು ಸಾಲನ್ನು ದಿನಕ್ಕೆ ಐವತ್ತು ಸಲ ಬರೆಯಬೇಕು. ಕಂಪೈಲ್ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. 2012ರಲ್ಲಿ ಮೊದಲ ಆವೃತ್ತಿ ಬಿಟ್ಟಾಗ, ಇನ್ನು ಮೇಲೆ ಹಳೆ ಕೋಡು ಮುರಿಯುವುದಿಲ್ಲ ಎಂದು ಮಾತು ಕೊಟ್ಟರು. ಆ ಮಾತು ಉಳಿಸಿಕೊಂಡು ಬಂದಿದ್ದಾರೆ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ ಗೋ ಬಳಕೆಗೆ ನಮ್ಮ ನಡುವೆಯೇ ಇರುವ ಉದಾಹರಣೆ. ಮೂವತ್ತು ಚಿಲ್ಲರೆ ಜನರ ತಾಂತ್ರಿಕ ತಂಡ, ಗೋ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟುಕೊಂಡು ಷೇರು ವ್ಯವಹಾರದ ದೊಡ್ಡ ವ್ಯವಸ್ಥೆ ನಡೆಸುತ್ತದೆ. ಅದೇ ಕಂಪನಿ ಲೆಕ್ಕಪತ್ರ, ಕಚೇರಿ ಕೆಲಸಕ್ಕೆ ಪೈಥಾನ್‌ನಲ್ಲಿ ಕಟ್ಟಿದ ಇಆರ್‌ಪಿನೆಕ್ಸ್ಟ್ ಬಳಸುತ್ತದೆ. ಗೋ ಅಂತ ಎಲ್ಲವನ್ನೂ ಗೋದಲ್ಲಿ ಬರೆಯಲು ಕೂತಿಲ್ಲ. ನಿಮ್ಮ ಹುಡುಗನಿಗೆ ಕಂಪನಿಯ ಹೆಸರು ಮಾತ್ರ ಅಲ್ಲ, ಇದನ್ನೂ ತೋರಿಸಿ.

ಇಲ್ಲಿ ನಿಮ್ಮ ವ್ಯಾಪಾರಕ್ಕೇ ಸಂಬಂಧಪಟ್ಟ ಎರಡು ವಿಷಯ ಹೇಳಬೇಕು. ಯಾವ ಚಾರ್ಟಿನಲ್ಲೂ ಇವು ಇರುವುದಿಲ್ಲ. ಒಂದು, ಹಣ. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಅನ್ನುತ್ತದೆ. ಪಿಎಚ್‌ಪಿ ಮತ್ತು ಗೋದಲ್ಲೂ ಫ್ಲೋಟ್ (ಯಂತ್ರ ಅಂದಾಜಿನಲ್ಲಿ ಇಡುವ ಭಿನ್ನ ಸಂಖ್ಯೆ) ಬಳಸಿದರೆ ಒಳಗೆ ಇದೇ ಕಥೆ. ಜಾವಾ ಮತ್ತು ಪೈಥಾನ್ ಜೊತೆಗೇ ದಶಮಾಂಶದ ಲೆಕ್ಕಕ್ಕೆ ಬೇಕಾದ್ದನ್ನು ಕೊಡುತ್ತವೆ. ಗೋದಲ್ಲಿ ಹೊರಗಿನ ಲೈಬ್ರರಿ ತರಬೇಕು. ಪಿಎಚ್‌ಪಿಯಲ್ಲಿ ಬಿಸಿಮ್ಯಾಥ್ ಇದೆ. ಭಾಷೆ ಯಾವುದಾದರೂ ಇರಲಿ, ಕೋಡಿನಲ್ಲಿ ಹಣವನ್ನು ಪೈಸೆಯ ಪೂರ್ಣ ಸಂಖ್ಯೆಯಾಗಿ ಇಡಿ. ಡೇಟಾಬೇಸಿನಲ್ಲಿ ಡೆಸಿಮಲ್ ಕಾಲಂ ಬಳಸಿ. ಹತ್ತು ಪೈಸೆ ತಪ್ಪಿದರೆ ನಿಮಗೆ ಅದು ಬಗ್. ಹಾಲು ಹಾಕಿದವರಿಗೆ ಅದು ಮೋಸ.

ಎರಡು, ಕನ್ನಡ. 'ಕೃಷ್ಣಪ್ಪ' ಎಂಬ ಹೆಸರಿನ ಉದ್ದ ಎಷ್ಟು? ನಮ್ಮ ಕಣ್ಣಿಗೆ ಮೂರು ಅಕ್ಷರ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಕೇಳಿದರೆ 8 ಅನ್ನುತ್ತವೆ. ಪಿಎಚ್‌ಪಿಯ ಹಳೆ ಫಂಕ್ಷನ್ನೂ ಗೋದ ಲೆನ್ ಫಂಕ್ಷನ್ನೂ 24 ಅನ್ನುತ್ತವೆ, ಯಾಕೆಂದರೆ ಅವು ಬೈಟ್ ಎಣಿಸುತ್ತವೆ. ಯಾವುದೂ ಮೂರು ಅನ್ನುವುದಿಲ್ಲ. ರಶೀದಿಯಲ್ಲಿ ಜಾಗ ಇಲ್ಲ ಎಂದು ಹೆಸರನ್ನು ಹತ್ತು ಬೈಟಿಗೆ ಕತ್ತರಿಸಿದರೆ 'ಷ್ಣ' ಒಳಗಿಂದ ಎಲ್ಲೋ ಮುರಿದು, ಕೊನೆಗೆ ಒಂದು ಪ್ರಶ್ನೆ ಚಿಹ್ನೆ ಬಂದು ಕೂರುತ್ತದೆ. ಎಸ್‌ಎಂಎಸ್‌ನಲ್ಲೂ ನೆನಪಿರಲಿ: ಇಂಗ್ಲಿಷಿನಲ್ಲಿ ಒಂದಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70, ಅದೂ ಗುಣಿತ ಒತ್ತು ಎಲ್ಲ ಬೇರೆ ಬೇರೆ ಎಣಿಸಿ. ನಿಮ್ಮ ಹಳೆ ಕೋಡಿನಲ್ಲಿ ಇದಕ್ಕೆಲ್ಲ ಯಾರೋ ಒಂದು ಉಪಾಯ ಬರೆದಿರುತ್ತಾರೆ. ಹೊಸದಾಗಿ ಬರೆಯಲು ಕೂತರೆ ಅದನ್ನೇ ಮೊದಲು ಮರೆಯುತ್ತೀರಿ.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ. ಸರ್ವರ್ ಭಾಗವನ್ನು ಪಿಎಚ್‌ಪಿಯಲ್ಲೇ ಬಿಡಿ, ಅದನ್ನೇ ರಿಪೇರಿ ಮಾಡಿ. ಪೂರ್ತಿ ಕೆಡವಿ ಕಟ್ಟುವುದಕ್ಕೆ ಹೋಗಬೇಡಿ. ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿ ಹಾಗೆ ಮಾಡಲು ಹೋಗಿ 4ನೇ ಆವೃತ್ತಿ ಆದ ಮೇಲೆ 5 ಬರಲೇ ಇಲ್ಲ. 2000ದ ನವೆಂಬರ್‌ನಲ್ಲಿ 6 ಬರುವ ಹೊತ್ತಿಗೆ ಬ್ರೌಸರ್ ಮಾರುಕಟ್ಟೆ ಮೈಕ್ರೋಸಾಫ್ಟ್ ಕೈಗೆ ಹೋಗಿತ್ತು. ಫೇಸ್‌ಬುಕ್ ಅಷ್ಟು ದೊಡ್ಡದಾದಾಗಲೂ ಪಿಎಚ್‌ಪಿ ಎಸೆಯಲಿಲ್ಲ. 2010ರಲ್ಲಿ ಅದನ್ನು ವೇಗವಾಗಿ ಓಡಿಸುವ ಹಿಪ್‌ಹಾಪ್ ಹೊರಗೆ ಬಿಟ್ಟರು, 2014ರಲ್ಲಿ ಟೈಪ್ ಸೇರಿಸಿ ಹ್ಯಾಕ್ ಎಂಬ ಭಾಷೆ ಮಾಡಿದರು. ಡ್ರಾಪ್‌ಬಾಕ್ಸ್‌ನವರೂ ಪೈಥಾನ್ ಬಿಡದೆ, ಇದ್ದ ಸುಮಾರು 40 ಲಕ್ಷ ಸಾಲಿಗೇ ಟೈಪ್ ಪರೀಕ್ಷೆ ತಂದರು. ಅಷ್ಟು ದುಡ್ಡು, ಅಷ್ಟು ಜನ ಇದ್ದವರೇ ರಿಪೇರಿಯ ದಾರಿ ಹಿಡಿದರು. ನೀವು ಆರು ಜನ.

ಗೋ ಅನ್ನುವ ಹುಡುಗನನ್ನು ಸುಮ್ಮನಿರಿಸಬೇಡಿ, ಅವನಿಗೆ ಸರಿಯಾದ ಜಾಗ ಇದೆ. ಸಂಘದ ಕಚೇರಿಯಲ್ಲಿರುವ ಆ ಹಳೆ ವಿಂಡೋಸ್ ಕಂಪ್ಯೂಟರ್. ತೂಕದ ಯಂತ್ರ, ಹಾಲು ಪರೀಕ್ಷಿಸುವ ಯಂತ್ರ ಎರಡೂ ಸೀರಿಯಲ್ ಪೋರ್ಟಿನಲ್ಲಿ ಅದಕ್ಕೇ ಸೇರಿರುತ್ತವೆ. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲಿ ಪಿಎಚ್‌ಪಿ ಹಾಕು, ಜಾವಾ ಹಾಕು, ನೋಡ್ ಹಾಕು ಅಂದರೆ ನಿಮ್ಮವರೊಬ್ಬರು ಬಸ್ಸು ಹತ್ತಿ ಹೋಗಬೇಕು. ಗೋದಲ್ಲಿ ಬರೆದರೆ ಒಂದೇ ಫೈಲು. ನಿಮ್ಮ ಲಿನಕ್ಸ್ ಕಂಪ್ಯೂಟರಿನಲ್ಲೇ ಕೂತು ವಿಂಡೋಸ್‌ಗೆ ಕಂಪೈಲ್ ಮಾಡಬಹುದು. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ ದಿನದ ಲೆಕ್ಕ ಇಟ್ಟುಕೊಂಡು, ನೆಟ್‌ವರ್ಕ್ ಬಂದಾಗ ಸರ್ವರ್‌ಗೆ ಕಳಿಸಲಿ. ಬಸ್ಸಿನಲ್ಲಿ ಹೋಗಿಬರುವ ಒಂದು ದಿನ ಉಳಿಯುತ್ತದಲ್ಲ, ನಾನು ಕಾಯುವ ಹೊತ್ತು ಅಂದದ್ದು ಅದನ್ನೇ. ಅಳತೆ ಮಾಡಿದರೆ ಭಾಷೆಯಿಂದ ನಿಮಗೆ ಸಿಗುವ ದೊಡ್ಡ ಲಾಭ ಅಲ್ಲೇ ಇರುತ್ತದೆ ಎಂದು ನನ್ನ ಊಹೆ.

ಊಹೆ ಬೇಡ ಅಂದರೆ ನೀವೇ ನೋಡಿ. ಒಂದು ನಿಜವಾದ ಕೆಲಸ ಆರಿಸಿ. ಹಿಂದಿನ ತಾರೀಖಿನಿಂದ ದರ ಬದಲಾದಾಗ ಬಟವಾಡೆಯ ವ್ಯತ್ಯಾಸ ತೆಗೆಯುವುದು ಒಳ್ಳೆಯ ಪರೀಕ್ಷೆ. ಒಬ್ಬರು ಪಿಎಚ್‌ಪಿ 8ರಲ್ಲಿ, ಇನ್ನೊಬ್ಬರು ತಾವು ಹೇಳುವ ಭಾಷೆಯಲ್ಲಿ, ನಾಲ್ಕು ದಿನ. ಲಾಗಿನ್ ಪುಟ, ಹಲೋ ವರ್ಲ್ಡ್ ಬೇಡ, ಅವು ಎಲ್ಲ ಭಾಷೆಯಲ್ಲೂ ಚೆಂದ. ಬದಲಿಸಿದ್ದು ಕಣ್ಣಿಗೆ ಕಾಣಲು ಎಷ್ಟು ಸೆಕೆಂಡ್, ಟೆಸ್ಟ್‌ಗೆ ಎಷ್ಟು, ಒಂದು ಸಂಘದ ಕಂಪ್ಯೂಟರ್‌ಗೆ ಮುಟ್ಟಿಸಲು ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಐದನೇ ದಿನ ಕೋಡನ್ನು ಅದಲುಬದಲು ಮಾಡಿ. ಇಬ್ಬರು ಬರೆದದ್ದರಲ್ಲೂ ಬೇಕೆಂದೇ ಒಂದೊಂದು ಬಗ್ ಇಟ್ಟು, ಮೂರನೆಯವರಿಗೆ ಹುಡುಕಲು ಕೊಡಿ. ಗಡಿಯಾರ ನೋಡಿ. ಸಾಫ್ಟ್‌ವೇರಿನ ಆಯಸ್ಸಿನಲ್ಲಿ ಬರೆಯುವ ದಿನಗಳಿಗಿಂತ ಬೇರೆಯವರು ಬರೆದದ್ದನ್ನು ತಿದ್ದುವ ದಿನಗಳೇ ಜಾಸ್ತಿ. ಹಾಗಾಗಿ ಆ ಐದನೇ ದಿನದ ಅಂಕಿಗೆ ನಾನು ಉಳಿದೆಲ್ಲಕ್ಕಿಂತ ಬೆಲೆ ಕೊಡುತ್ತೇನೆ.

ಗಡಿಯಾರ ಯಾಕೆ ಅಂದರೆ, ನಮ್ಮ ಅನಿಸಿಕೆ ನಂಬುವಂಥದ್ದಲ್ಲ. ನಿಮ್ಮ ಎಐ ಪ್ರಶ್ನೆಗೂ ಇದೇ ಉತ್ತರ. 2025ರಲ್ಲಿ ಮೀಟರ್ ಎಂಬ ಸಂಸ್ಥೆ 16 ಅನುಭವಿ ಡೆವಲಪರ್‌ಗಳಿಗೆ, ಅವರಿಗೆ ಚೆನ್ನಾಗಿ ಗೊತ್ತಿದ್ದ ಪ್ರಾಜೆಕ್ಟ್‌ಗಳಲ್ಲೇ 246 ಕೆಲಸ ಕೊಟ್ಟಿತು. ಸುಮಾರು ಅರ್ಧ ಕೆಲಸಕ್ಕೆ ಎಐ ಬಳಸಬಹುದು, ಉಳಿದದ್ದಕ್ಕೆ ಬಳಸುವಂತಿಲ್ಲ. ಎಐ ಇದ್ದಾಗ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿಯಿತು. ಮುಗಿದ ಮೇಲೆ ಕೇಳಿದರೆ, ಶೇ 20ರಷ್ಟು ಬೇಗ ಆಯಿತು ಎಂದು ಅವರು ನಂಬಿದ್ದರು! ಆ ಹೊತ್ತಿನ ಸಾಧನಗಳ ಲೆಕ್ಕ ಅದು, ಸಾಧನಗಳು ತಿಂಗಳು ತಿಂಗಳು ಬದಲಾಗುತ್ತಿವೆ. ನಾನೂ ದಿನಾ ಬಳಸುತ್ತೇನೆ, ಬಳಸಬೇಡಿ ಅನ್ನುವುದಿಲ್ಲ. ಬದಲಾದದ್ದು ಇಷ್ಟು: ಕೋಡು ಬರೆಯುವುದು ಇನ್ನೂ ಅಗ್ಗ ಆಯಿತು, ಅದು ಸರಿಯೇ ಎಂದು ನೋಡುವುದು ಹಾಗೇ ಉಳಿಯಿತು. ಹಾಗಾಗಿ ತಪ್ಪನ್ನು ಬೇಗ ತೋರಿಸುವ ಭಾಷೆ, ಬೇಗ ಓಡುವ ಟೆಸ್ಟ್ ಇವುಗಳ ಬೆಲೆ ಮೊದಲಿಗಿಂತ ಏರಿದೆ. ನಿಮ್ಮ ಪಿಎಚ್‌ಪಿ ಕೋಡಿಗೆ ಟೈಪ್ ಬರೆಸಲು, ಹಳೆ ದರಪಟ್ಟಿಯ ನಿಯಮಗಳಿಗೆ ಟೆಸ್ಟ್ ಬರೆಸಲು ಎಐ ಹಚ್ಚಿ. ಬರೆದ ಟೆಸ್ಟ್ ಸರಿಯೇ ಎಂದು ಮಾತ್ರ ಹಾಲಿನ ಲೆಕ್ಕ ಬಲ್ಲವರೇ ಕೂತು ನೋಡಬೇಕು.

ಕೊನೆಗೆ ಒಂದು ತುರ್ತು ವಿಷಯ. ಎಂಟು ವರ್ಷದಿಂದ ನಡೆದುಕೊಂಡು ಬಂದಿದೆ ಅಂದಿರಿ. ನಿಮ್ಮ ಸರ್ವರ್‌ನಲ್ಲಿ ಪಿಎಚ್‌ಪಿಯ ಯಾವ ಆವೃತ್ತಿ ಇದೆ ಎಂದು ಇವತ್ತೇ ನೋಡಿ. 7.4 ಅಥವಾ ಅದಕ್ಕಿಂತ ಹಳೆಯದಿದ್ದರೆ, 2022ರ ನವೆಂಬರ್ ಹೊತ್ತಿಗೇ ಅದಕ್ಕೆ ಭದ್ರತೆಯ ತಿದ್ದುಪಡಿಗಳು ಬರುವುದು ನಿಂತಿದೆ. ಭಾಷೆಯ ಚರ್ಚೆ ಮುಂದಿನ ತಿಂಗಳಿಗೆ ಇರಲಿ, ಮೊದಲು ಅದನ್ನು ಏರಿಸಿ.